ಗಾಜು ಇಳಿಸಿದ ಕಾರು

ಮೊನ್ನೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವಾಗ ಬಾಡಿಗೆ ಕಾರಿನ ಏಸಿ ಕೆಟ್ಟು, ಡ್ರೈವರ್ ನಾಲ್ಕೂ ಗಾಜು ಇಳಿಸಿದ. ಗಾಳಿ ಭರ್ರೆಂದು ಒಳನುಗ್ಗಿ ಕಿವಿ ತುಂಬಿಕೊಂಡಿತು. ಆ ಸದ್ದಿನೊಳಗೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಿತ್ತು, ಅಪ್ಪ, ಅವ್ವ, ಅಜ್ಜಿ ಇದ್ದರು. ಈಗ ಆ ಮನೆಯೂ ಇಲ್ಲ, ಆ ಮೂವರೂ ಇಲ್ಲ. ಹೀಗೆ ಹೋದವರನ್ನು ಕರೆತರುವ ಸದ್ದೊಂದು ನಿಮಗೂ ಇರಬಹುದು.

ಅಪ್ಪ ಹಳೆಯ ಕಾರೊಂದನ್ನು ಕೊಂಡಿದ್ದ. ಎಂಥ ಧೂಳಿದ್ದರೂ ಅದರ ಗಾಜು ಏರಿಸಲು ಬಿಡುತ್ತಿರಲಿಲ್ಲ. ಊರು ಮುಟ್ಟುವಷ್ಟರಲ್ಲಿ ಅಜ್ಜಿಯ ಬಿಳಿಗೂದಲು ಕೆಂಪಾಗಿರುತ್ತಿತ್ತು. ಮಗ ಕುಡಿದ ವಾಸನೆ ಮುಚ್ಚಲು ಹೀಗೆ ಮಾಡುತ್ತಾನೆಂದು ಅಜ್ಜಿಯ ಗುಮಾನಿ. ಅವನು ಸ್ನಾನಕ್ಕೆ ಹೋದಾಗ ಅಂಗಿ ಮೂಸುತ್ತಿದ್ದಳು. ಬೆವರು, ಪೆಟ್ರೋಲು ಬಿಟ್ಟರೆ ಬೇರೇನೂ ಸಿಗದಿದ್ದರೂ ಗುಮಾನಿ ಹೋಗಲಿಲ್ಲ. ಸೊಸೆಯ ಮೇಲೂ ಅಸಮಾಧಾನವಿತ್ತು. ಅವ್ವ ಶಾಲೆಯಲ್ಲಿ ಟೀಚರು. ಅಡುಗೆಮನೆಯಿಂದ ಎಷ್ಟು ಕರೆದರೂ ಓಗೊಡುವುದಿಲ್ಲ, ನೌಕರಿಯ ಸೊಕ್ಕು ಎಂದು ಅಜ್ಜಿ ನನ್ನ ಮುಂದೆ ದೂರುತ್ತಿದ್ದಳು. ಹತ್ತು ವರ್ಷದ ನನ್ನ ಅನುಮಾನವೇ ಬೇರೆ. ಮುಂದಿನ ಸೀಟಿನಲ್ಲಿ ಅಪ್ಪ ಏನೋ ಹೇಳುತ್ತಿದ್ದ, ಅವ್ವ ಅವನ ತುಟಿಯನ್ನೇ ನೋಡುತ್ತ ನಗುತ್ತಿದ್ದಳು, ಹಿಂದೆ ನಮಗೆ ಗಾಳಿಯ ಸದ್ದು ಬಿಟ್ಟು ಒಂದಕ್ಷರವೂ ಕೇಳುತ್ತಿರಲಿಲ್ಲ. ನನ್ನನ್ನು ಹಾಸ್ಟೆಲಿಗೆ ಹಾಕುವ ಮಾತು ನಡೆದಿದೆ ಎಂದೇ ನಂಬಿದ್ದೆ.

ಒಂದು ಭಾನುವಾರ ಮಾಗಳದ ಹೊಳೆಗೆ ಹೊರಟೆವು. ಹಡಗಲಿಯಲ್ಲಿ ಅಪ್ಪ, ಅವ್ವ ಮಲ್ಲಿಗೆ ತರಲು ಇಳಿದಾಗ ನಾನು ಹಿಡಿ ತಿರುವಿ ನಾಲ್ಕೂ ಗಾಜು ಏರಿಸಿಬಿಟ್ಟೆ. ಅಪ್ಪ ಬಂದು ಗದರುವ ಮೊದಲೇ ಗಂಟಲು ನೋವೆಂದು ಸುಳ್ಳು ಹೇಳಿದೆ. ಅಜ್ಜಿ ನನ್ನ ಪರ ನಿಂತಳು. ಅಪ್ಪ ಕಾರು ಬಿಟ್ಟ. ಒಳಗೆ ಎಷ್ಟು ನಿಶ್ಶಬ್ದವೆಂದರೆ ಅಜ್ಜಿಯ ಬಳೆಯ ಸದ್ದೂ ಕೇಳುತ್ತಿತ್ತು. ಕಾರಿನ ತುಂಬ ಮಲ್ಲಿಗೆಯ ಘಮ. ಅಜ್ಜಿ ಮುಂದಕ್ಕೆ ಬಾಗಿ, ಹೂವು ಇತ್ತ ಕೊಡೆಂದು ಅವ್ವನನ್ನು ಕರೆದಳು. ಅವ್ವ ಹೊರಗೆ ನೋಡುತ್ತಲೇ ಇದ್ದಳು. ಮತ್ತೆ ಕರೆದಳು. ಮೂರನೇ ಸಲ ಅಪ್ಪ ಅವ್ವನ ಮೊಣಕೈ ಮುಟ್ಟಿದ. ಅವಳು ತಿರುಗಿ, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ರೂಢಿಯಂತೆ ನಕ್ಕು ಹೇಳಿದಳು:

“ಗಾಳಿ ಸಪ್ಪಳಕ್ಕ ಕೇಳಿಸ್ಲಿಲ್ರಿ ಅತ್ತಿ.”

ಗಾಜು ನಾಲ್ಕೂ ಮುಚ್ಚಿದ್ದವು.

ಅಪ್ಪ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ. ಎರಡು ವರ್ಷದಿಂದ ಅವಳ ಕಿವಿ ಮಂದವಾಗುತ್ತಿದೆ, ಡಾಕ್ಟರು ಸುಧಾರಿಸುವುದಿಲ್ಲ ಎಂದಿದ್ದಾರೆ, ಶಾಲೆಯಲ್ಲಿ ಗೊತ್ತಾದರೆ ನೌಕರಿ ಹೋದೀತೆಂದು ಹೆದರಿದ್ದಾಳೆ ಎಂದ. ಮತ್ತೆ ಅಜ್ಜಿಯ ಮುಖ ನೋಡದೆ ಹೇಳಿದ: “ಗಾಜು ಇಳಿಸಿದ್ರ ಯಾರಿಗೂ ಕೇಳಂಗಿಲ್ಲ ಯವ್ವಾ. ಆಕಿ ಒಬ್ಬಾಕೀನ ಆಗಂಗಿಲ್ಲ.”

ನನಗೆ ಗಂಟಲು ನಿಜಕ್ಕೂ ನೋಯತೊಡಗಿತು.

ನೌಕರಿ ಹೋಗಲಿಲ್ಲ, ಅವ್ವ ಕಿವಿಗೆ ಮಷೀನು ಹಾಕಿಕೊಂಡು ನಿವೃತ್ತಿಯವರೆಗೆ ಪಾಠ ಮಾಡಿದಳು. ಆದರೆ ಆ ಮಧ್ಯಾಹ್ನ ಹೊಳೆದಂಡೆಯಲ್ಲಿ ಅಜ್ಜಿ ಅವಳನ್ನು ಎದುರಿಗೆ ಕೂರಿಸಿಕೊಂಡು, ಗಲ್ಲ ಹಿಡಿದು, ದನಿ ಹೊರಡಿಸದೆ ಬರೀ ತುಟಿಯಾಡಿಸಿ ಏನೋ ಹೇಳಿದಳು. ಅವ್ವ ತಲೆಯಾಡಿಸಿದಳು, ಅತ್ತಳು. ಏನು ಹೇಳಿದ್ದೆಂದು ಇಬ್ಬರನ್ನೂ ಎಷ್ಟೋ ಸಲ ಕೇಳಿದೆ. ಇಬ್ಬರೂ ಹೇಳಲಿಲ್ಲ. ಈಗ ಕೇಳಲು ಯಾರೂ ಉಳಿದಿಲ್ಲ.