ಮುಸಾಇದ್ ತೊಳೆದ ಬಟ್ಟಲು

ನನ್ನ ತಮ್ಮ ಮುಸಾಇದ್ ಹುಟ್ಟಿದಾಗಿನಿಂದ ಒಂದೇ ಒಂದು ಸಲ ತಾನು ಕುಡಿದ ಬಟ್ಟಲನ್ನು ತಾನೇ ತೊಳೆದಿದ್ದಾನೆ. ಅವನನ್ನು ಎತ್ತಿ ಆಡಿಸಿದವಳು ನಾನು, ಅಮ್ಮ ತೀರಿಕೊಂಡ ಮೇಲೆ ಉಣಿಸಿ ಬೆಳೆಸಿದವಳೂ ನಾನೇ. ಹಾಗಾಗಿ ಈ ಮಾತನ್ನು ಅಲ್ಲಗಳೆಯುವ ಧೈರ್ಯ ಅವನ ಹೆಂಡತಿಗೂ ಇಲ್ಲ. ಆ ಒಂದು ಸಲವೂ ತೊಳೆಯದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಲ್ಲೇ ಉನೈಝಾದ ಗಂಡುಮಕ್ಕಳ ಶಾಲೆಯಲ್ಲಿ ಅವನು ಭೂಗೋಳ ಹೇಳಿಕೊಡುತ್ತಾನೆ. ಪಾಪದ ಮನುಷ್ಯ. ಅಂಗಡಿಯವನು ಕೊಳೆತ ಟೊಮೇಟೊ ತೂಗಿಕೊಟ್ಟರೂ ನಗುನಗುತ್ತಾ ಚೀಲ ಹಿಡಿದು ಬರುವವನು. ಅವನಿಗಿದ್ದ ಹುಚ್ಚು ಒಂದೇ, ಕಾರು. ಓದುವ ಕಾಲದಲ್ಲಿ ಷೋರೂಮಿನ ಗಾಜಿಗೆ ಮೂಗು ಒತ್ತಿ ನಿಂತುಬಿಡುತ್ತಿದ್ದ. ಬೀದಿಯಲ್ಲಿ ಸದ್ದು ಕೇಳಿದರೆ ಸಾಕು, ಊಟ ಬಿಟ್ಟು ಕಿಟಕಿಗೆ ಓಡುತ್ತಿದ್ದ. ಇಷ್ಟೆಲ್ಲ ಆಸೆಪಟ್ಟವನಿಗೆ ಗಂಟುಬಿದ್ದದ್ದು ಅಪ್ಪ ಬಿಟ್ಟುಹೋದ ಹಳೇ ಪಿಕಪ್. ಅದರಲ್ಲಿ ಆಡಿನ ವಾಸನೆ ಇವತ್ತಿಗೂ ಹೋಗಿಲ್ಲ.

ಮೊದಲು ಮಗಳು ದೀಮಾ ಹುಟ್ಟಿದಳು, ಆಮೇಲೆ ಮಗ. ಮಗನಿಗೆ ನಲವತ್ತು ದಿನ ತುಂಬಿದ ಕೂಡಲೇ ಅವನ ಹೆಂಡತಿ ಹನೂಫ್ ಸೊಂಟಕ್ಕೆ ಸೆರಗು ಸಿಕ್ಕಿಸಿದವಳ ಹಾಗೆ ನಿಂತಳು. "ಈ ಡಬ್ಬದಲ್ಲಿ ನನ್ನ ಮಕ್ಕಳನ್ನ ಕೂರಿಸಲ್ಲ. ನಮಗೊಂದು ಕಾರು ಬೇಕು. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, ಹಿಂದಿನ ಸೀಟಿಗೂ ಎಸಿ. ಆದ್ರೆ ಓಡಿಸೋದು ನಾನೂ ಅಲ್ವಾ? ಎಮ್ಮೆ ಥರ ಎಳೆಯೋದು ಬೇಡ. ಕಾಲಿಟ್ರೆ ಹಾರಬೇಕು" ಎಂದಳು. ಮುಸಾಇದನ ಮುಖ ಅವತ್ತು ಹಬ್ಬದಂತಿತ್ತು.

ಅದೇ ವಾರ ಹನೂಫಳ ತಮ್ಮ ಮಿಶಾಲ್ ಹೊಸ ಕಾರು ಕೊಂಡು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ಅವನಿಗೆ ಮದುವೆ ಗೊತ್ತಾಗಿತ್ತು, ಖರ್ಜೂರದ ಕೊಯ್ಲು ಮುಗಿದ ಮೇಲೆ. ಕಾರು ಕೆಂಪು. ಮುಂದೆ ತಗ್ಗಿಕೊಂಡು, ಅಗಲ ಟೈರಿನ ಮೇಲೆ ಕೂತಿತ್ತು. ನೋಡಿದರೆ ಪುಂಡ ಹುಡುಗರ ಗಾಡಿ, ಬಾಗಿಲು ತೆಗೆದರೆ ಸಂಸಾರಸ್ಥರ ಮನೆ. ಹನೂಫ್ ಕೇಳಿದ್ದೂ ಇದೇ, ನನ್ನ ತಮ್ಮ ಕನಸು ಕಂಡದ್ದೂ ಇದೇ.

ಮುಸಾಇದ್ ಅದರ ಸುತ್ತ ಬಂದ. ಬಾಗಿಲ ಮೇಲೆ ಅಂಗೈ ಇಟ್ಟ. "ಅಬ್ಬಬ್ಬಾ, ಎಂಥಾ ಕಾರೋ ಮಿಶಾಲ್! ಜನ್ಮದಲ್ಲಿ ಇಂಥದ್ದು ನೋಡಿಲ್ಲ ಕಣೋ!" ಎಂದ. ಅಷ್ಟು ಹೇಳಿ ಸುಮ್ಮನಾದ.

ನಮ್ಮಲ್ಲಿ ಮಗುವನ್ನಾಗಲಿ ಆಡುಮರಿಯನ್ನಾಗಲಿ ಹೊಗಳಿದವರು ಅದೇ ಉಸಿರಿನಲ್ಲಿ ಮಾಷಾಅಲ್ಲಾ ಅನ್ನಬೇಕು. ದೇವರ ಹೆಸರು ಬಂದರೆ ಕಣ್ಣು ತಾಗುವುದಿಲ್ಲ. ಮೂರು ವರ್ಷದ ದೀಮಾ ಕೂಡ ಬೆಕ್ಕಿನ ಮರಿ ಕಂಡರೆ ಮಾಷಾಅಲ್ಲಾ ಅಂತಾಳೆ. ಭೂಗೋಳದ ಮೇಷ್ಟ್ರು ಅನ್ನಲಿಲ್ಲ.

ಮರುದಿನ ಸಂಜೆ ಬುರೈದಾ ರಸ್ತೆಯಲ್ಲಿ ಆ ಕಾರು ದೀಪದ ಕಂಬಕ್ಕೆ ಬಡಿದು ನುಜ್ಜುಗುಜ್ಜಾಯಿತು. ಮಿಶಾಲನ ತೊಡೆಯ ಮೂಳೆ ಎರಡು ತುಂಡು.

ಆಸ್ಪತ್ರೆಯಿಂದ ಅವನನ್ನು ಮನೆಗೆ ಕರೆತಂದ ದಿನ ನಾವೆಲ್ಲ ನೋಡಲು ಹೋದೆವು. ಮಗನ ಹೆಸರಿಂದಲೇ ಉಮ್ಮು ಮಿಶಾಲ್ ಎನ್ನಿಸಿಕೊಳ್ಳುವ ಅವನ ತಾಯಿ ಎಲ್ಲರಿಗೂ ಕಾಫಿ ಕೊಟ್ಟಳು. ಏಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಕಣ್ಣು ಯಾರದೋ ತಿಳಿಯದಿದ್ದರೆ ಬಂದವರೆಲ್ಲರ ಬಟ್ಟಲ ತಳದಲ್ಲಿ ಉಳಿದದ್ದನ್ನು ಕೂಡಿಸಿ, ನೀರು ಬೆರೆಸಿ, ನೊಂದವರ ಮೈಗೆ ಸವರುತ್ತಾರೆ. ಕಣ್ಣು ಹಾಕಿದವರ ಎಂಜಲು ಅದರಲ್ಲಿದ್ದರೆ ದೃಷ್ಟಿ ಇಳಿಯುತ್ತದೆ. ಯಾರ ಮರ್ಯಾದೆಯೂ ಹೋಗುವುದಿಲ್ಲ. ಎಷ್ಟು ನಾಜೂಕಾದ ಏರ್ಪಾಡು ನೋಡಿ.

ನಾನು ಅಡುಗೆಮನೆಯಲ್ಲಿ ತಟ್ಟೆ ಜೋಡಿಸುತ್ತಿದ್ದೆ. ಹಿಂಬಾಗಿಲಿಂದ ಮುಸಾಇದ್ ಬಂದ. ಕೈಯಲ್ಲಿ ಅವನ ಬಟ್ಟಲು. ನಲ್ಲಿ ತಿರುಗಿಸಿ, ಸೋಪು ಹಾಕಿ, ಉಜ್ಜಿ ಉಜ್ಜಿ ತೊಳೆದು ಬೋರಲು ಹಾಕಿದ.

"ಏನೋ ಇದು, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದೆ.

"ಸುಮ್ನೆ ಅಕ್ಕ. ನಿಂಗೆ ಕೆಲಸ ಜಾಸ್ತಿ ಅಂತ" ಎಂದವನು ನನ್ನ ಮುಖ ನೋಡದೆ ಹೊರಟುಹೋದ. ಅವನು ಹೋದ ಮೇಲೆ ಉಮ್ಮು ಮಿಶಾಲ್ ಬಂದು ಉಳಿದ ಬಟ್ಟಲುಗಳನ್ನು ಒಂದೊಂದಾಗಿ ಶೀಸೆಗೆ ಬಗ್ಗಿಸಿಕೊಂಡಳು. ಒಂದು ಕಡಿಮೆಯಿದ್ದದ್ದು ಅವಳಿಗೆ ತಿಳಿಯಲಿಲ್ಲ.

ಸವರಿದರೂ ಮಿಶಾಲನ ಕಾಲು ವಾಸಿಯಾಗಲಿಲ್ಲ. ಊತ ಹಾಗೇ, ನೋವು ಹಾಗೇ, ಮದುವೆ ಮುಂದಕ್ಕೆ ಹೋಯಿತು. ಬಂಧುಗಳ ಕಣ್ಣಲ್ಲ ಅಂದಮೇಲೆ ಅಕ್ಕಪಕ್ಕದವರದೇ ಇರಬೇಕೆಂದು ಉಮ್ಮು ಮಿಶಾಲ್ ಲೆಕ್ಕ ಹಾಕಿದಳು. ಎರಡು ಬೀದಿ ಆಚೆಯ ಉಮ್ಮು ರಾಕಾನ್, ಕಾರು ಬಂದ ದಿನ ಅದು ಹಾದುಹೋಗುವುದನ್ನು ತನ್ನ ಗೇಟಿನಲ್ಲಿ ನಿಂತು ನೋಡಿದ್ದಳಂತೆ. ಅವಳ ಇಬ್ಬರು ಗಂಡುಮಕ್ಕಳಿಗೂ ಇನ್ನೂ ಕಾರಿಲ್ಲವಂತೆ. ಹಾಗೆಂದು ಹೋಗಿ, ಒಟ್ಟಿಗೆ ಹೆರಿಗೆ ಬಾಣಂತನ ಮಾಡಿಕೊಂಡ ಗೆಳತಿಯ ಮನೆಯಲ್ಲಿ ಶೀಸೆ ಚಾಚಿ ನಿಂತಳು. ಉಮ್ಮು ರಾಕಾನ್ ತನ್ನ ಬಟ್ಟಲಿನ ಕಾಫಿ ಒಂದು ಗುಟುಕು ಕುಡಿದು ಉಳಿದದ್ದನ್ನು ಶೀಸೆಗೆ ಬಗ್ಗಿಸಿಕೊಟ್ಟಳಂತೆ, ಬಾಗಿಲು ಹಾಕಿಕೊಂಡಳಂತೆ. ಆಮೇಲೆ ಎದುರು ಸಿಕ್ಕರೆ ಸಲಾಮೂ ಇಲ್ಲ.

ಇತ್ತ ಹನೂಫ್ ನಮ್ಮನ್ನು ಷೋರೂಮಿಗೆ ಎಳೆದುಕೊಂಡು ಹೋದಳು. ಅಲ್ಲಿ ಕಡುನೀಲಿಯ ಕಾರೊಂದು ನಿಂತಿತ್ತು. ಮಿಶಾಲನದರ ಹಾಗೆಯೇ ತಗ್ಗು ಮೂತಿ, ಹಾಗೆಯೇ ಅಗಲ ಟೈರು. ಹನೂಫ್ ತಂದಿದ್ದ ಮಕ್ಕಳ ಸೀಟುಗಳನ್ನು ಹಿಂದೆ ಕಟ್ಟಿ, ನಡುವೆ ನನ್ನನ್ನು ತುರುಕಿದಳು.

"ಅತ್ತಿಗೆ, ಮೊಣಕಾಲು ಮುಂದಕ್ಕೆ ತಾಗುತ್ತಾ?"

"ತಾಗಲ್ಲ."

"ನೋಡ್ರೀ, ಎರಡು ಸೀಟಿನ ಮಧ್ಯೆ ಅತ್ತಿಗೆಯೇ ಹಿಡಿದ್ರು ಅಂದ್ರೆ ಇನ್ನು ಜಾಗದ ಮಾತೇ ಬೇಡ!"

ನನ್ನ ಮೈಕಟ್ಟಿನ ಮೇಲೆ ಅವಳಿಗೆ ಯಾವಾಗಲೂ ಒಂದು ಕಣ್ಣು. ಬಿಡಿ. ಡಿಕ್ಕಿಯಲ್ಲಿ ಮಗುವಿನ ತಳ್ಳುಗಾಡಿ, ಮರಳುಗಾಡಿಗೆ ಒಯ್ಯುವ ಚಾಪೆ, ಒಲೆ, ಕಾಫಿ ಸಾಮಾನು ಎಲ್ಲವೂ ಹಿಡಿದು ಇನ್ನೂ ಜಾಗ ಉಳಿಯಿತು. ನನಗೂ ಮನಸ್ಸಿಗೆ ಬಂದಿತ್ತು. ಮುಸಾಇದ್ ಮಾತ್ರ ಆ ಕಾರಿನ ಹತ್ತಿರಕ್ಕೇ ಸುಳಿಯಲಿಲ್ಲ. ಮೂಲೆಯಲ್ಲಿದ್ದ ಮಣ್ಣು ಬಣ್ಣದ ಗಾಡಿಯ ಪಕ್ಕ ನಿಂತುಕೊಂಡ.

"ಇದು ಸಾಕು. ಗಟ್ಟಿ ಇದೆ" ಎಂದ.

"ಅದನ್ನ ನೋಡಿದ್ರೇ ನಿದ್ದೆ ಬರುತ್ತಲ್ರೀ! ನಿಮ್ಮಜ್ಜ ಓಡಿಸೋ ಗಾಡಿ ಅದು."

"ನೀಲಿದು ತಗ್ಗು. ಹಂಪ್‌ಗೆ ತಳ ಉಜ್ಜುತ್ತೆ."

"ಕೈಯಳತೆ ಹಿಡಿದು ನೋಡಿದೀನಿ, ಉಜ್ಜಲ್ಲ."

"ಮಕ್ಕಳಿಗೆ ಅಷ್ಟು ಸ್ಪೀಡ್ ಯಾಕೆ?"

"ಮಕ್ಕಳು ಓಡಿಸ್ತಾರಾ? ಓಡಿಸೋದು ನಾನು, ನೀವು. ಏನಾಗಿದೆ ನಿಮಗೆ? ಮದುವೆಯಾದ ಹೊಸದರಲ್ಲಿ ಕಾರಿನ ಕಥೆ ಹೇಳಿ ಹೇಳಿ ನನ್ನ ತಲೆ ತಿಂದೋರು ನೀವೇ ತಾನೆ? ಈಗ ನನ್ನ ಮಕ್ಕಳಿಗೆ ಅಂದ ಕೂಡ್ಲೇ ಯಾವುದೂ ಹಿಡಿಸಲ್ವಾ?"

ಅವಳ ಕಣ್ಣಲ್ಲಿ ನೀರು ಬಂತು. ಮಗುವನ್ನೆತ್ತಿಕೊಂಡು ಹೊರಗೆ ಹೋದಳು. ನಾನು ಆ ಎರಡು ಸೀಟಿನ ನಡುವೆಯಿಂದ ಹೇಗೋ ಬಿಡಿಸಿಕೊಂಡು ಇಳಿದು, ನನ್ನ ತಮ್ಮನ ತೋಳು ಹಿಡಿದು ಕಂಬದ ಮರೆಗೆ ಎಳೆದೆ.

"ಬಟ್ಟಲು ಯಾಕೆ ತೊಳೆದೆ ಅವತ್ತು?"

ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ. ಅವನಿಗೆ ಚಿಕ್ಕಂದಿನಿಂದಲೂ ಸುಳ್ಳು ಬರುವುದಿಲ್ಲ.

"ಅಕ್ಕ, ಆ ಕಾರು ಮುಟ್ಟಿದಾಗ ನಂಗೆ ಏನನ್ನಿಸ್ತು ಗೊತ್ತಾ? ಇದು ಇವನಿಗ್ಯಾಕೆ, ನನಗ್ಯಾಕಿಲ್ಲ ಅಂತ. ಹೊಟ್ಟೆ ಉರೀತು. ಮಾಷಾಅಲ್ಲಾ ಅನ್ನೋದು ನೆನಪಿತ್ತು ಅಕ್ಕ. ನೆನಪಿದ್ದೂ ಅನ್ನಲಿಲ್ಲ. ನಾನೇ ಅವನ ಕಾಲು ಮುರಿದೋನು. ಅತ್ತೆ ಕಾಫಿ ಕೊಟ್ಟಾಗ ಯಾಕೆ ಅಂತ ಗೊತ್ತಾಯ್ತು. ನನ್ನ ಎಂಜಲಿಂದ ವಾಸಿಯಾಗಿಬಿಟ್ರೆ ಎಲ್ಲರಿಗೂ ಗೊತ್ತಾಗುತ್ತೆ ಅನ್ನೋ ಭಯ. ಹೋಗಿ ತೊಳೆದುಬಿಟ್ಟೆ. ಈಗ ಅಂಥದ್ದೇ ಕಾರಲ್ಲಿ ಯಾವ ಮುಖ ಇಟ್ಕೊಂಡು ಕೂರಲಿ?"

ನಾನು ಅವನಿಗೆ ಹೊಡೆಯಬೇಕಿತ್ತು. ಹೊಡೆಯಲೂ ಆಗಲಿಲ್ಲ, ಸಮಾಧಾನ ಮಾಡಲೂ ಆಗಲಿಲ್ಲ.

"ಎಲ್ಲರ ಎಂಜಲೂ ಸೇರೋ ಶೀಸೆಯಲ್ಲಿ ನಿಂದ್ಯಾವುದು ಅಂತ ಯಾರಿಗೆ ಗೊತ್ತಾಗ್ತಿತ್ತೋ, ಪೆದ್ದ? ನಿನ್ನ ಬಟ್ಟಲು ತಪ್ಪಿದ್ದಕ್ಕೇ ನಿಮ್ಮತ್ತೆ ಉಮ್ಮು ರಾಕಾನ್ ಬಾಗಿಲಿಗೆ ಹೋಗಿ ನಿಂತಿದ್ದು. ಅದಾದ್ರೂ ಗೊತ್ತಾ?" ಎಂದೆ.

ಗೊತ್ತಿರಲಿಲ್ಲ. ಆಮೇಲೆ ಕಾರಿನ ಮಾತೇ ಎತ್ತದೆ, ನಮ್ಮನ್ನು ನೇರ ಅತ್ತೆಯ ಮನೆಗೆ ಕರೆದುಕೊಂಡು ಹೋದ.

ಅಂಗಳದಲ್ಲಿ ಮಿಶಾಲ್ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಮುಸಾಇದ್ ಒಂದು ಬೋಗುಣಿ ತರಿಸಿ, ಎಲ್ಲರ ಎದುರಿಗೆ ಅದರೊಳಗೇ ಮುಖ ತೊಳೆದ, ಕೈ ತೊಳೆದ, ಕಾಲು ತೊಳೆದ. ಕಣ್ಣು ಹಾಕಿದವರು ತಾವೇ ಒಪ್ಪಿಕೊಂಡರೆ ಮಾಡುವ ಕ್ರಮ ಅದು. ನಾನು ನನ್ನ ಆಯುಸ್ಸಿನಲ್ಲಿ ಯಾರೂ ತಾವಾಗಿ ಮಾಡಿದ್ದನ್ನು ಕಂಡಿರಲಿಲ್ಲ. ಹನೂಫ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಅತ್ತೆ, ನನ್ನ ಕಣ್ಣೇ. ಬಟ್ಟಲು ತೊಳೆದೋನೂ ನಾನೇ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ" ಎಂದು, ಬೋಗುಣಿ ಎತ್ತಿ ಹಿಂದಿನಿಂದ ಮಿಶಾಲನ ತಲೆಯ ಮೇಲೆ ನೀರು ಸುರಿದ.

ಉಮ್ಮು ಮಿಶಾಲ್ ಬೈಯಲಿಲ್ಲ. ಅಳುತ್ತಾ ಅಳಿಯನ ಹಣೆಗೆ ಮುತ್ತಿಟ್ಟಳು. "ನೀನಾಗೇ ಬಂದ್ಯಲ್ಲ ಮಗಾ, ಅಷ್ಟು ಸಾಕು. ಇನ್ನು ನನ್ನ ಮಗನ ಕಾಲು ನೆಟ್ಟಗಾಗುತ್ತೆ" ಎಂದಳು.

ತೊಯ್ದು ತೊಪ್ಪೆಯಾಗಿ ಕೂತಿದ್ದ ಮಿಶಾಲನ ಭುಜ ಅಲುಗತೊಡಗಿತು. ನಗುತ್ತಿದ್ದಾನೆಂದುಕೊಂಡೆ. ಅವನು ಬಿಕ್ಕುತ್ತಿದ್ದ.

"ಅಮ್ಮಾ, ಸಾಕು ಮಾಡು. ಭಾವನ ಕಣ್ಣೂ ಅಲ್ಲ, ಯಾರ ಕಣ್ಣೂ ಅಲ್ಲ. ನಾನು ಒಂದು ಕೈಯಲ್ಲಿ ಫೋನ್ ಹಿಡಿದಿದ್ದೆ. ಸ್ಪೀಡಿನ ಮುಳ್ಳು ಎಲ್ಲಿವರೆಗೂ ಹೋಗುತ್ತೆ ಅಂತ ವಿಡಿಯೋ ಮಾಡ್ತಿದ್ದೆ. ಗೆಳೆಯರಿಗೆ ಕಳಿಸೋಣ ಅಂತ."

ಉಮ್ಮು ಮಿಶಾಲ್ ಮಗನ ಕುರ್ಚಿಯ ಎದುರಿಗೆ ಬಂದು ನಿಂತಳು.

"ಮತ್ತೆ ಉಮ್ಮು ರಾಕಾನ್ ಮನೆಗೆ ಯಾಕೋ ಹೋಗಗೊಟ್ಟೆ ನನ್ನ? ಮಲಗಿದ್ದಲ್ಲಿಂದ ನೋಡ್ತಾ ಇದ್ಯಲ್ಲೋ! ಒಂದು ಮಾತು ಬೇಡ ಅನ್ನಬಾರದಿತ್ತಾ?" ತಾಯಿಯ ದನಿ ಒಡೆದಿತ್ತು. ಮಗ ತಲೆ ತಗ್ಗಿಸಿದ.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನನ್ನ ತಮ್ಮ ಯಾರ ಕಾಲನ್ನೂ ಮುರಿದಿರಲಿಲ್ಲ! ಅವನ ಮುಖ ನೋಡಿದೆ. ಅಲ್ಲಿ ಯಾವ ಹಗುರವೂ ಕಾಣಲಿಲ್ಲ.

"ಅತ್ತೆ, ಕಾಲು ಮುರಿದಿದ್ದು ಅವನದೇ ತಪ್ಪಿರಬಹುದು. ಉಮ್ಮು ರಾಕಾನ್ ವಿಷಯ ನನ್ನದು. ಬಟ್ಟಲು ತೊಳೆಯದೆ ನನ್ನ ಕಣ್ಣೇ ಅಂತ ಅವತ್ತೇ ಒಪ್ಪಿಕೊಂಡಿದ್ರೆ ನಿಮ್ಮ ಮನಸ್ಸು ಅಲ್ಲಿಗೇ ನಿಲ್ತಿತ್ತು. ಆ ಮನೆ ತನಕ ಹೋಗ್ತಿರಲಿಲ್ಲ" ಎಂದ.

ಕೊನೆಗೆ ಕೊಂಡದ್ದು ಆ ನೀಲಿ ಕಾರನ್ನೇ. ಹನೂಫ್ ಅವನೊಂದಿಗೆ ಮಾತು ಬಿಟ್ಟು, ಮತ್ತೆ ಮಾತಾಡಿ, ಅತ್ತು, ಬೈದು, "ಪಾಪ ಕಳೀಲಿ ಅಂತ ಮಣ್ಣು ಬಣ್ಣದ ಗಾಡಿ ಕೊಂಡ್ರೆ ಆ ಪಾಪ ನನ್ನ ಮಕ್ಕಳು ಹೊರಬೇಕಾ?" ಎಂದಳು. ಅವನು ಒಪ್ಪಿಕೊಂಡ. ಒಂದೇ ಒಂದು ಷರತ್ತು ಹಾಕಿದ. ಈ ಕಾರನ್ನು ಎಲ್ಲರಿಗಿಂತ ಮೊದಲು ನೋಡಬೇಕಾದವಳು ಉಮ್ಮು ರಾಕಾನ್. ಕಣ್ಣು ಕೆಟ್ಟದ್ದೆಂದು ಹೆಸರು ಹೊತ್ತವರಿಂದ ನಮ್ಮ ಜನ ಹೊಸ ಬಟ್ಟೆಯನ್ನೂ ಮುಚ್ಚಿಡುತ್ತಾರೆ. ಅಂಥದ್ದರಲ್ಲಿ ಇವನು ಹೊಚ್ಚಹೊಸ ಕಾರನ್ನು ಅವಳ ಬಾಗಿಲಿಗೇ ಒಯ್ಯುತ್ತೇನೆಂದ. ಬಾಯಲ್ಲಿ ಹೇಳುವ ಯಾವ ಕ್ಷಮೆಗಿಂತಲೂ ದೊಡ್ಡದು ಇದು ಎಂದು ನನಗೂ ಅನ್ನಿಸಿತು.

ಷೋರೂಮಿನಿಂದ ಹೊರಟು ಅತ್ತೆಯ ಮನೆಗೆ ಹೋಗಿ ಉಮ್ಮು ಮಿಶಾಲಳನ್ನು ಮುಂದೆ ಕೂರಿಸಿಕೊಂಡ. ಅವಳ ಮಡಿಲಲ್ಲಿ ಖರ್ಜೂರದ ಡಬ್ಬಿ. ಹಿಂದೆ ಮಕ್ಕಳು, ನಡುವೆ ನಾನು. ಹನೂಫ್ ತನ್ನ ಜಾಗವನ್ನು ಅಮ್ಮನಿಗೆ ಬಿಟ್ಟುಕೊಟ್ಟು ಅಲ್ಲೇ ತಮ್ಮನ ಬಳಿ ಉಳಿದಳು. ಹಾರುವ ಕಾರನ್ನು ನನ್ನ ತಮ್ಮ ಕತ್ತೆಗಾಡಿಯಂತೆ ನಡೆಸಿದ. ದಾರಿಯುದ್ದಕ್ಕೂ ತನ್ನ ಕಾರಿಗೆ ತಾನೇ ಮಾಷಾಅಲ್ಲಾ, ಮಾಷಾಅಲ್ಲಾ ಎಂದು ಗೊಣಗುತ್ತಿದ್ದ.

ಉಮ್ಮು ರಾಕಾನ್ ಗೇಟು ತೆರೆದಳು. ಮುಸಾಇದ್ ಇಳಿದು ನಿಂತು, ಬಟ್ಟಲಿನ ವಿಷಯ, ಫೋನಿನ ವಿಷಯ, ಒಂದನ್ನೂ ಬಿಡದೆ ಹೇಳಿದ. ಅವಳು ಹೊಸ್ತಿಲನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಹಳೇ ಪಿಕಪ್‌ನಲ್ಲೇ ಬರಬಹುದಿತ್ತಲ್ಲಪ್ಪ" ಎಂದಳು.

"ನೋಡು, ಕಣ್ತುಂಬ ನೋಡು. ಮೊದಲು ನೀನೇ ನೋಡಬೇಕು ಅಂತ ತಂದಿದ್ದು" ಎಂದು ಉಮ್ಮು ಮಿಶಾಲ್ ಅವಳ ಕೈ ಹಿಡಿದಳು.

"ಮಾಷಾಅಲ್ಲಾ, ಮಾಷಾಅಲ್ಲಾ" ಎಂದಳು ಉಮ್ಮು ರಾಕಾನ್. ತಲೆ ಎತ್ತಲಿಲ್ಲ. ಖರ್ಜೂರ ತೆಗೆದುಕೊಂಡಳು, ಕೈ ಬಿಡಿಸಿಕೊಳ್ಳಲೂ ಇಲ್ಲ. "ಬಾಗಿಲಲ್ಲೇ ನಿಂತ್ರೆ ಹೇಗೆ? ಬನ್ನಿ" ಎಂದು ಅಂಗಳದಲ್ಲಿ ಚಾಪೆ ಹಾಸಿದಳು. ಕಾಫಿ ತಂದಳು. ನಮಗೆಲ್ಲ ಬಗ್ಗಿಸಿ ತಾನೂ ಒಂದು ಬಟ್ಟಲು ಕುಡಿದಳು. ಮಗುವಿನ ಕೆನ್ನೆ ಹಿಂಡಿದಳು, ಖರ್ಜೂರದ ಕೊಯ್ಲಿನ ಮಾತಾಡಿದಳು. ಉಮ್ಮು ಮಿಶಾಲಳ ಮುಖದಲ್ಲಿ ಜೀವ ಬಂದಿತು.

ಆಮೇಲೆ ಉಮ್ಮು ರಾಕಾನ್ ಎದ್ದು ಅಂಗಳದ ನಲ್ಲಿಯ ಹತ್ತಿರ ಹೋದಳು. ನಮ್ಮ ಬಟ್ಟಲುಗಳನ್ನು ಚಾಪೆಯ ಮೇಲೇ ಬಿಟ್ಟು, ತನ್ನದೊಂದನ್ನೇ, ತಳದಲ್ಲಿ ಒಂದು ಹನಿಯೂ ಉಳಿಯದಂತೆ ತೊಳೆದು ಬೋರಲು ಹಾಕಿದಳು. ಮುಸಾಇದ್ ಅದನ್ನು ನೋಡಿದ.