ಅಂಬುಜಾ ಟೀಚರ್ ಅಳಿಸಿದ ಮೊದಲ ಕಾರಣ

ಅಂಬುಜಾ ಶಿರಹಟ್ಟಿ ಪರದೇಶಕ್ಕೆ ಬಂದು ಆಲ್ಬನಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಲು ತೊಡಗಿ ಆರು ವರ್ಷವಾಗಿತ್ತು. ಆರೂ ವರ್ಷ ಗುತ್ತಿಗೆ, ಶಾಲೆಯ ವರ್ಷ ಮುಗಿಯುವ ಪ್ರತಿ ಡಿಸೆಂಬರಿನಲ್ಲೂ ಕೆಲಸ ಉಂಟೋ ಇಲ್ಲವೋ. ಈ ಸಲ ಕೆಲಸ ಕಾಯಂ ಆಗುವ ಮಾತು ಬಂದಿತ್ತು. ಉಪಪ್ರಾಂಶುಪಾಲರು ಒಂದು ಪಾಠ ಕೂತು ನೋಡಿ ಸೈ ಎಂದರೆ ಮುಗಿಯಿತು.

ಅವಳಿಗೇನೂ ಅಂಜಿಕೆ ಇರಲಿಲ್ಲ. ಅವಳ ಹತ್ತಿರ ಪಾಯಿಂಟುಗಳಿದ್ದವು. ಯುದ್ಧವಾಗಲಿ, ಕ್ರಾಂತಿಯಾಗಲಿ, ಕಾರಣಗಳನ್ನು ಒಂದು, ಎರಡು, ಮೂರು ಅಂತ ಬರೆಸಿ, ಅಡಿಗೆರೆ ಎಳೆಸಿ, ಗಟ್ಟಿ ಮಾಡಿಸುವುದು ನಮ್ಮ ಮಾಸ್ತರುಗಳಿಗೆ ರಕ್ತದಲ್ಲೇ ಬಂದ ವಿದ್ಯೆ. ಧಾರವಾಡದ ಕಾಲೇಜಿನಲ್ಲಿ ಹಾಗೇ ಕಲಿತು ರ್‍ಯಾಂಕು ಬಂದವಳು, ಆ ನೋಟ್ಸನ್ನೇ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಇಟ್ಟುಕೊಂಡಿದ್ದಳು.

"ಪಾಯಿಂಟ್ ಬರದು ಒಗದುಬಿಡು, ಅವ್ರು ಮೂಗಿನ ಮ್ಯಾಲ ಬೆರಳಿಟ್ಕೋತಾರ" ಅಂತ ಗಂಡ ಲೋಹಿತ್ ಊರಿನ ಆಚೆ ತುದಿಯ ಈಸ್ಟ್ ತಮಾಕಿಯ ಫ್ಯಾಕ್ಟರಿಗೆ ಹೊರಡುವಾಗ ಹೇಳಿಹೋದ.

ಅಂದಿನ ಪಾಠ ಸುಡಾನಿನ ಮೊದಲ ಅಂತರ್ಯುದ್ಧದ ಬೇರುಗಳು. ಉಪಪ್ರಾಂಶುಪಾಲರು ಹಿಂದಿನ ಸಾಲಿನಲ್ಲಿ ಪೆನ್ನು ಹಿಡಿದು ಕೂತರು. ಅಂಬುಜಾ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಮೊದಲನೆಯದನ್ನು ಬರೆದಳು: ಬುಡಕಟ್ಟುಗಳ ಪುರಾತನ ದ್ವೇಷ. ಏಳರವರೆಗೆ ಬರೆದು ತಿರುಗಿದಾಗ ಅಚೋಲ್ ಎಂಬ ಹುಡುಗಿಯ ಕೈ ಮೇಲಿತ್ತು. ಅವಳ ಮನೆಯವರು ದಕ್ಷಿಣ ಸುಡಾನಿನಿಂದ ನಿರಾಶ್ರಿತರಾಗಿ ಬಂದವರು.

"ಮಿಸ್, ಆ ಮೊದಲನೇದನ್ನ ಯಾರು ಹೇಳಿದ್ದು?" ಎಂದಳು. "ನನ್ನ ಮುತ್ತಜ್ಜ ಗುಮಾಸ್ತ ಆಗಿದ್ದ, ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಓದಿದವನು. ಉತ್ತರದವರು ದಕ್ಷಿಣಕ್ಕೆ ಬರಬೇಕಾದ್ರೆ ಬ್ರಿಟಿಷರ ಪರವಾನಗಿ ಬೇಕಿತ್ತು. ನೋಡದೇ ಇರೋರನ್ನ ದ್ವೇಷ ಮಾಡೋದು ಹೇಗೆ? ಬ್ರಿಟಿಷರು ಹೊರಡುವಾಗ ಎಂಟುನೂರು ಹುದ್ದೆ ಹಂಚಿದ್ರು, ದಕ್ಷಿಣಕ್ಕೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಕಚೇರಿಯ ಭಾಷೆ ಇಂಗ್ಲಿಷ್ ಹೋಗಿ ಅರಬ್ಬಿ ಆಯ್ತು. ಓದಿದ ಮುತ್ತಜ್ಜ ಒಂದೇ ವರ್ಷದಲ್ಲಿ ಹೆಬ್ಬೆಟ್ಟಿನವನಾದ."

ಅಂಬುಜಾಗೆ ತನ್ನ ಮನೆಯ ಕಥೆ ನೆನಪಾಯಿತು. ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಶಿರಹಟ್ಟಿಯಲ್ಲಿ ಅವಳ ಮುತ್ತಜ್ಜನೂ ಓದುಬರಹ ಬಲ್ಲವನೇ, ಆದರೆ ಕನ್ನಡದಲ್ಲಿ; ಕಚೇರಿಯ ಭಾಷೆ ಮರಾಠಿ. ಕಚೇರಿಯಿಂದ ಬಂದ ಮರಾಠಿ ಕಾಗದ ಹಿಡಿದುಕೊಂಡು ಓದಿಸಲು ಮನೆಮನೆ ತಿರುಗುತ್ತಿದ್ದನಂತೆ. ಆ ಅವಮಾನಕ್ಕೆ ಪುರಾತನ ದ್ವೇಷ ಅಂತ ಮನೆಯಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ಆಫ್ರಿಕದವರ ವಿಷಯ ಬಂದಾಗ ಮಾತ್ರ ತಾನು ಕಣ್ಣು ಮುಚ್ಚಿ ಬರೆದುಬಿಟ್ಟಿದ್ದಳು, ಆರು ವರ್ಷ.

ಇದನ್ನೇ ಎಂಟನೇ ಪಾಯಿಂಟು ಮಾಡಿ ಸೇರಿಸಿಬಿಟ್ಟಿದ್ದರೆ ಪಾಠವೂ ಉಳಿಯುತ್ತಿತ್ತು, ಕೆಲಸವೂ ಕಾಯಂ ಆಗುತ್ತಿತ್ತು. ಹಿಂದಿನ ಸಾಲಿನ ಪೆನ್ನು ಆಗಲೇ ಓಡುತ್ತಿತ್ತು. ಅಂಬುಜಾ ಡಸ್ಟರು ತೆಗೆದುಕೊಂಡು ಮೊದಲ ಸಾಲು ಅಳಿಸಿದಳು. "ಇದನ್ನ ನಾನು ಆರು ವರ್ಷ ತಪ್ಪು ಕಲಿಸಿದ್ದೇನೆ, ಕ್ಷಮಿಸಿ" ಎಂದಳು. ಮಾರ್ಕರನ್ನು ಅಚೋಲಳ ಕೈಗಿತ್ತು, ಅವಳ ಕುರ್ಚಿಯಲ್ಲಿ ಹೋಗಿ ಕೂತಳು. ದಕ್ಷಿಣದ ಟೋರಿಟ್ ಊರಿನಲ್ಲಿ ಸೈನಿಕರು ದಂಗೆಯೆದ್ದದ್ದು, ಸ್ವಾತಂತ್ರ್ಯದ ಬಾವುಟ ಏರುವ ಮೊದಲೇ ಗುಂಡು ಹಾರಿದ್ದು, ಎಲ್ಲವನ್ನೂ ಹುಡುಗಿ ಹೇಳಿದಳು. ಸದಾ ಗದ್ದಲದ ಆ ತರಗತಿ ಬೆಲ್ಲು ಹೊಡೆದರೂ ಏಳಲಿಲ್ಲ.

ವಾರದ ಮೇಲೆ ವರದಿ ಬಂತು. ಕಾಯಂ ಇಲ್ಲ, ಇನ್ನೊಂದು ವರ್ಷದ ಗುತ್ತಿಗೆ. ಕಾರಣವನ್ನೂ ಕೊಟ್ಟಿದ್ದರು: ಆರು ವರ್ಷ ತಪ್ಪು ಕಲಿಸಿದ್ದಾಗಿ ಶಿಕ್ಷಕಿ ಮಕ್ಕಳೆದುರೇ ಒಪ್ಪಿಕೊಂಡರು, ಉಳಿದ ಪಾಠವನ್ನು ವಿದ್ಯಾರ್ಥಿನಿಯೇ ಮಾಡಿದಳು.

ಲೋಹಿತನ ಮುಖ ಸಣ್ಣದಾಯಿತು. "ಅಳಬ್ಯಾಡ" ಎಂದ.

ಅಂಬುಜಾ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದಳು.

"ನಾ ಯಾಕ ಅಳ್ಲಿ? ಜೋರಾಗಿ ಓದ್ರೀ. ನನ್ನ ಬಗ್ಗೆ ಇಷ್ಟು ಖರೇ ಇಲ್ಲೀತನಕ ಯಾರೂ ಬರದಿದ್ದಿಲ್ಲ."