ಬುಡದಿಂದ ತುದಿಯವರೆಗೆ ಬರೆದ ಮರ

ತೆಂಗಿಗೆ ನುಸಿ ಬಿದ್ದ ವರ್ಷಗಳವು. ಮನೆಯಲ್ಲಿ ಎಲ್ಲರ ಮುಖವೂ ಗಂಟಿಕ್ಕಿಕೊಂಡೇ ಇರುತ್ತಿತ್ತು. ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದ ನಾನು ರಜೆ ಸಿಕ್ಕರೆ ತೋಟದಲ್ಲಿ ಕೂತು ಹಕ್ಕಿ ಬರೆಯುತ್ತಿದ್ದೆ. "ಹಕ್ಕಿ ಬರ್ದು ಯಾವ ಅಟ್ಟ ತುಂಬಿಸ್ತೀಯೇ?" ಅಂತ ಅಮ್ಮ ರೇಗುತ್ತಿದ್ದಳು. ಚಿಕ್ಕಪ್ಪ ಒಬ್ಬನೇ ನನ್ನ ಪರ. ಕೊಬ್ಬರಿ ಮಾರಲು ಪೇಟೆಗೆ ಹೋದಾಗೆಲ್ಲ ನನಗೆ ಪೆನ್ಸಿಲ್ ತರುತ್ತಿದ್ದ.

ಸೂರಕ್ಕಿಯ ಕೊಕ್ಕಿಗೆ ಗಟ್ಟಿ ಎಚ್‌ಬಿ, ಪಿಕಳಾರದ ಜುಟ್ಟಿಗೆ ಮೆತ್ತನೆಯ ಸಿಕ್ಸ್‌ಬಿ. ಮರಕುಟಿಗನಿಗೆ ಮಾತ್ರ ಪೆನ್ಸಿಲ್ ಸಾಲದು. ಕತ್ತಿನ ಗೆರೆಗೆ ಕಪ್ಪು ಇಂಡಿಯನ್ ಇಂಕು, ಜುಟ್ಟಿಗೆ ಕೆಂಪು ಇಂಕು, ಬೆನ್ನಿಗೆ ಅಡುಗೆಮನೆಯ ಅರಿಶಿನ. ಅಮ್ಮನಿಗೆ ಅದೂ ಒಂದು ತಲೆನೋವು.

ಬಾವಿ ಪಕ್ಕ ಸಿಡಿಲು ಬಡಿದು ಸುಳಿ ಸುಟ್ಟಿದ್ದ ತೆಂಗಿನ ಮರದಲ್ಲಿ ಮರಕುಟಿಗ ಗೂಡು ಮಾಡಿತ್ತು. ಮರಿಗಳ ಸದ್ದು ಕೆಳಗಿದ್ದವರಿಗೂ ಕೇಳುತ್ತಿತ್ತು. ನಮ್ಮ ಕೊಬ್ಬರಿ ಅಟ್ಟ ಬಾಗಿದ್ದರಿಂದ ತೊಲೆಗೆ ಆ ಮರ ಕಡಿಯಬೇಕೆಂದು ಚಿಕ್ಕಪ್ಪ ಹೊರಟಾಗ ನಾನು ಗೋಗರೆದೆ.

"ಮರಿ ಹಾರೋಗಂಟ ಮುಟ್ಟಲ್ಲ ಕಣವ್ವ, ಬುಡು" ಅಂದ. "ಬರೀ ಹಕ್ಕಿ ಬರೀತೀಯಲ್ಲ, ಮರಾನೂ ಪೂರ್ತಿ ಬರಿ. ಬುಡದಿಂದ ತುದಿಗಂಟ. ಎಲ್ಲೆಲ್ಲಿ ತೂತು ಕೊರೆದವೆ, ಎಲ್ಲಾ ಕಾಣ್ಬೇಕು."

ನನಗೆ ಸ್ವರ್ಗಕ್ಕೆ ಮೂರೇ ಗೇಣು. ಇನ್ನೂ ಬರಿ ಅಂತ ಆ ಮನೆಯಲ್ಲಿ ಯಾರು ಹೇಳಿದ್ದರು? ತೆಂಗಿನ ಗರಿ ಉದುರಿದ ಗುರುತು ಮರದ ಮೈತುಂಬ ಬಳೆ ತೊಡಿಸಿದ ಹಾಗೆ ಇರುತ್ತದಲ್ಲ, ಬುಡದಿಂದ ಒಂದನ್ನೂ ಬಿಡದೆ ಎಣಿಸಿ ಇಂಕಿನಲ್ಲಿ ಬರೆದೆ. ಗೂಡಿನ ತೂತು, ಹಳೇ ತೂತುಗಳು, ಎಲ್ಲವೂ ಅದರದರ ಬಳೆಯ ಮೇಲೇ ಇದ್ದವು. ಕಣ್ಣು ಮಂಜಾಗಿದ್ದ ಚಿಕ್ಕಪ್ಪ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಮಡಿಚಿ ಜೇಬಿಗಿಟ್ಟುಕೊಂಡ.

ಆಮೇಲೊಂದು ದಿನ ಕಾಲೇಜಿನಿಂದ ಬಂದರೆ ಮರ ನೆಲದ ಮೇಲಿತ್ತು. ಗರಗಸದವರ ನಡುವೆ ಚಿಕ್ಕಪ್ಪ ನನ್ನ ಹಾಳೆ ಹಿಡಿದು ನಿಂತಿದ್ದ. ಕುಯ್ಯುವ ಜಾಗಕ್ಕೆಲ್ಲ ಚಿತ್ರದ ಮೇಲೆ ಅಡ್ಡ ಗೀಟು ಎಳೆದಿದ್ದ. ತೂತಿನ ಕೆಳಗೆ ತೊಲೆಗೆ ಆಗುವಷ್ಟು ಗಟ್ಟಿಮರ ಇದೆಯೋ ಇಲ್ಲವೋ ಅಂತ ತಿಳಿಯಲು ನನ್ನಿಂದ ಬರೆಸಿದ್ದ, ಅಷ್ಟೇ. ಟೊಳ್ಳುಮರ ಉರುಳಿಸಿದರೆ ಕೂಲಿ ದಂಡ ನೋಡಿ.

ತುದಿಯ ತುಂಡು ಸೌದೆ ರಾಶಿಯಲ್ಲಿ ಬಿದ್ದಿತ್ತು. ತೂತಿನೊಳಗೆ ಕೈ ಹಾಕಿದೆ. ಮರಿಗಳು ಇನ್ನೂ ಬೆಚ್ಚಗಿದ್ದವು, ಅಲ್ಲಾಡಲಿಲ್ಲ. ಪಕ್ಕದ ಮರದಲ್ಲಿ ಅವುಗಳ ತಾಯಿ ಕಿರುಚುತ್ತಿತ್ತು.

"ಹಾರೋಗಂಟ ಅಂದಿದ್ಯಲ್ಲ ಚಿಕ್ಕಪ್ಪ?"

"ಗರಗಸದೋರು ಇವತ್ತೇ ಸಿಕ್ಕಿದ್ರು, ಏನ್ ಮಾಡ್ಲವ್ವ. ಬಲು ಕರೆಕ್ಟಾಗ್ ಬರ್ದಿದ್ದೆ ಕಣೇ. ಒಂದು ತೊಲೇನೂ ಹಾಳಾಗ್ಲಿಲ್ಲ."

ಗೇಲಿ ಮಾಡಿದ್ದರೆ ಜಗಳವಾಡಬಹುದಿತ್ತು. ಅವನು ಹಾಳೆಯನ್ನು ಗರಗಸದವರ ಕಡೆ ತಿರುಗಿಸಿ, "ನಮ್ಮ ಹುಡ್ಗೀನೇ ಬರ್ದಿದ್ದು" ಅಂತ ಹೆಮ್ಮೆಯಿಂದ ತೋರಿಸುತ್ತಿದ್ದ.